ವಾಲ್ಟರ್ ವೈಟ್‌ನ ಪಕ್ಷವನ್ನು ನೀವು ಎಲ್ಲಿ ಬಿಟ್ಟಿರಿ?

ಎರಡನೇ ಆಟ:

ಎಲ್ಲರಿಗೂ ನಮಸ್ಕಾರ. ‘ಬ್ರೇಕಿಂಗ್ ಬ್ಯಾಡ್’ ಎಂಬ ಅಮೆರಿಕದ ಟಿವಿ ಸರಣಿಯ 62 ಕಂತುಗಳನ್ನು ಎರಡನೆಯ ಸಲ ನೋಡಿ ಮುಗಿಸಿದೆ. ಕಥೆಯ ಕೊನೆಯವರೆಗಿನ ಸಂಗತಿಗಳನ್ನೆಲ್ಲ ಇಲ್ಲಿ ಬಿಚ್ಚಿ ಮಾತನಾಡಬೇಕಾಗುತ್ತದೆ, ಆದ್ದರಿಂದ ಇನ್ನೂ ನೋಡಿರದವರು ದಯವಿಟ್ಟು ಇಲ್ಲಿಗೇ ಓದುವುದನ್ನು ನಿಲ್ಲಿಸಿ.

ಮೊದಲ ಸಲ ನೋಡಿದ್ದು ಸರಣಿ ಮುಗಿದ 2013ರಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಒಂದೇ ಲ್ಯಾಪ್‌ಟಾಪಿನ ಮುಂದೆ ನಾಲ್ಕು ಜನ ಕುತ್ತಿಗೆ ಚಾಚಿಕೊಂಡು. ಆಗ ವಾಲ್ಟರ್ ಒಂದೊಂದು ಇಕ್ಕಟ್ಟಿನಿಂದ ಪಾರಾದಾಗಲೂ ನಾವು ಶಿಳ್ಳೆ ಹೊಡೆದಿದ್ದೆವು. ಅಲ್ಬುಕರ್ಕಿಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತ, ಸಂಬಳ ಸಾಲದೆ ಸಂಜೆ ಕಾರು ತೊಳೆಯುವ ಅಂಗಡಿಯಲ್ಲಿ ದುಡಿಯುತ್ತ, ಐವತ್ತು ತುಂಬಿದ ಬೆನ್ನಿಗೇ ಶ್ವಾಸಕೋಶದ ಕ್ಯಾನ್ಸರ್ ಎಂದು ಕೇಳಿಸಿಕೊಳ್ಳುವ ಮನುಷ್ಯ ಮೆಥ್ ಎಂಬ ಮಾದಕವಸ್ತುವನ್ನು ತಯಾರಿಸಲು ಇಳಿದರೆ, ಅವನನ್ನು ಬೈಯುವುದಾದರೂ ಹೇಗೆ ಎಂಬುದು ನಮ್ಮ ವಾದವಾಗಿತ್ತು.

ಈ ಸಲ ಹೆಂಡತಿಯ ಜೊತೆ ಕುಳಿತು ನೋಡಿದೆ. ಅವಳಿಗೆ ಇದು ಮೊದಲನೆಯ ಸಲ. ಮೊದಲ ಸೀಸನ್ನಿನ ಐದನೆಯ ಕಂತು ಮುಗಿಯುವ ಹೊತ್ತಿಗೇ ಅವಳು, “ಇವನಿಗೆ ದುಡ್ಡಿನ ಕಷ್ಟವಿಲ್ಲ, ಬೇರೇನೋ ಇದೆ” ಎಂದಳು. ನಾನು ಒಪ್ಪಲಿಲ್ಲ. ಆದರೆ ಆ ಮಾತು ಕಿವಿಯಲ್ಲಿ ಉಳಿದುಬಿಟ್ಟಿತು, ಮತ್ತು ಅದರ ದೆಸೆಯಿಂದ ಮುಂದಿನ ಕಂತುಗಳೆಲ್ಲ ನನಗೆ ಬೇರೆಯ ಕಥೆಯಾಗಿ ಕಂಡವು. ಸರಣಿಯ ಕರ್ತೃ ವಿನ್ಸ್ ಗಿಲ್ಲಿಗನ್, ಸಾಧು ಮೇಷ್ಟ್ರೊಬ್ಬನನ್ನು ಹೆಜ್ಜೆಹೆಜ್ಜೆಯಾಗಿ ಖಳನಾಯಕನನ್ನಾಗಿ ಮಾಡುವುದೇ ತಮ್ಮ ಉದ್ದೇಶವೆಂದು ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹಾಗಾದರೆ ಆ ಹೆಜ್ಜೆಗಳಲ್ಲಿ ಯಾವುದು ತಿರುಗಿ ಬರಲಾಗದ ಹೆಜ್ಜೆ? ನಿಮ್ಮ ಮಟ್ಟಿಗೆ ನೀವು ಅವನ ಪಕ್ಷವನ್ನು ಬಿಟ್ಟದ್ದು ಎಲ್ಲಿ? ಇದಕ್ಕಿಂತ ಮುಖ್ಯವಾಗಿ, ಅವನು ಕೆಟ್ಟನೋ, ಅಥವಾ ಒಳಗೆ ಮೊದಲೇ ಇದ್ದದ್ದು ಕ್ಯಾನ್ಸರಿನ ನೆಪದಲ್ಲಿ ಹೊರಬಿತ್ತೋ?


ರಸಾಯನದ ಮೇಷ್ಟ್ರು:

ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಇದೇ ವಿಷಯವನ್ನು ಪಾಠ ಮಾಡಿ ನಿವೃತ್ತನಾದವನು ನಾನು. ಹಾಗಾಗಿ ವಾಲ್ಟರನ ಮೇಲೆ ನನಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚಿನ ಮಮಕಾರವಿತ್ತೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೊದಲ ಕಂತಿನಲ್ಲಿ ಅವನು ಬರ್ನರಿನ ಜ್ವಾಲೆಗೆ ದ್ರಾವಣ ಸಿಂಪಡಿಸಿ ಬಣ್ಣ ಬದಲಾಗುವುದನ್ನು ತೋರಿಸುತ್ತ, ರಸಾಯನಶಾಸ್ತ್ರವೆಂದರೆ ದ್ರವ್ಯದ ಅಧ್ಯಯನ ಎನ್ನುವುದಕ್ಕಿಂತ ಬದಲಾವಣೆಯ ಅಧ್ಯಯನ ಎನ್ನಬೇಕೆಂದು ಹೇಳುತ್ತಾನೆ. ಅವನ ಕಣ್ಣು ಹೊಳೆಯುತ್ತಿರುತ್ತದೆ, ಮುಂದೆ ಕುಳಿತವರಲ್ಲಿ ಯಾರಿಗೂ ಅದು ಬೇಕಾಗಿರುವುದಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಬೇಕೆಂದೇ ಕುರ್ಚಿಯನ್ನು ನೆಲಕ್ಕೆ ಉಜ್ಜಿ ಎಳೆಯುತ್ತಾನೆ. ಅದೇ ಸಂಜೆ ಆ ಹುಡುಗನ ಕಾರಿನ ಗಾಲಿಯನ್ನು ಮೊಣಕಾಲೂರಿ ಉಜ್ಜುವ ಗತಿ ಮೇಷ್ಟ್ರಿಗೆ ಬರುತ್ತದೆ, ಪಕ್ಕದಲ್ಲಿದ್ದ ಹುಡುಗಿ ಅದರ ಫೋಟೋ ತೆಗೆಯುತ್ತಾಳೆ. ಈ ಎರಡು ದೃಶ್ಯಗಳನ್ನು ನೋಡಿದ ಯಾವ ಮೇಷ್ಟ್ರಿಗಾದರೂ ಹೊಟ್ಟೆ ಉರಿಯದೆ ಇರುವುದಿಲ್ಲ.

ಆದರೂ ನಾನು ಅವನನ್ನು ಬಿಟ್ಟದ್ದು ನಿಮ್ಮ ಮನೆಯವರು ಹೇಳಿದ ಅದೇ ಐದನೆಯ ಕಂತಿನಲ್ಲಿ. ಹಳೆಯ ಗೆಳೆಯ ಎಲಿಯಟ್‌ನ ಹುಟ್ಟುಹಬ್ಬಕ್ಕೆ ವಾಲ್ಟರ್ ಹೋಗುತ್ತಾನೆ. ಇಬ್ಬರೂ ಸೇರಿ ಕಟ್ಟಿದ ‘ಗ್ರೇ ಮ್ಯಾಟರ್’ ಕಂಪನಿ ಆಕಾಶಕ್ಕೇರಿದೆ, ತನ್ನ ಪಾಲನ್ನು ಎಂದೋ ಬರೀ 5,000 ಡಾಲರಿಗೆ ಮಾರಿ ಹೊರಬಂದವನು ವಾಲ್ಟರ್. ಎಲಿಯಟ್ ಅವನನ್ನು ಪಕ್ಕಕ್ಕೆ ಕರೆದು ಕೆಲಸ ಕೊಡುತ್ತೇನೆ, ಒಳ್ಳೆಯ ಆರೋಗ್ಯ ವಿಮೆಯೂ ಇದೆ ಎನ್ನುತ್ತಾನೆ. ಹೆಂಡತಿ ತನ್ನ ಕಾಯಿಲೆಯ ಸುದ್ದಿಯನ್ನು ಹೇಳಿಬಿಟ್ಟಿದ್ದಾಳೆಂದು ವಾಲ್ಟರನಿಗೆ ಆಗ ಹೊಳೆಯುತ್ತದೆ, ಮುಖ ಬಿಗಿಯುತ್ತದೆ.

ಹಂಗಿನರಮನೆಗಿಂತ ಇಂಗಡದ ಗುಡಿ ಲೇಸು ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಅವನ ನಿರಾಕರಣೆ ಮೊದಲ ನೋಟಕ್ಕೆ ಸ್ವಾಭಿಮಾನವಾಗಿಯೇ ಕಾಣುತ್ತದೆ. ಆದರೆ ಮುಂದೇನಾಯಿತೆಂಬುದನ್ನು ಗಮನಿಸಿ. ಗೆಳೆಯನ ಹಣವನ್ನು ಬೇಡವೆಂದವನು ಮನೆಗೆ ಬಂದು, ಚಿಕಿತ್ಸೆಯ ಖರ್ಚನ್ನೆಲ್ಲ ಆ ಗೆಳೆಯನೇ ಕೊಡುತ್ತಿದ್ದಾನೆಂದು ಹೆಂಡತಿಗೆ ಹೇಳುತ್ತಾನೆ. ಅಂದರೆ ನಿಜದಲ್ಲಿ ಹೊರಲಾರದ ಹಂಗನ್ನು ಸುಳ್ಳಿನಲ್ಲಿ ಸಲೀಸಾಗಿ ಹೊತ್ತ. ಸ್ವಾಭಿಮಾನಿಯಾದವನು ಈ ಸುಳ್ಳನ್ನು ಹೇಳಲಾರ. ಅವನಿಗೆ ಬೇಡವಾಗಿದ್ದದ್ದು ಹಣವಲ್ಲ, ಎಲಿಯಟ್ ಕೊಡುವವನಾಗಿ ಮೇಲೆ ನಿಂತು ತಾನು ತೆಗೆದುಕೊಳ್ಳುವವನಾಗಿ ಕೆಳಗೆ ನಿಲ್ಲುವುದು. ಅಮೆರಿಕದಲ್ಲಿ ಆಸ್ಪತ್ರೆಯ ಬಿಲ್ಲು ಮನೆ ಮುಳುಗಿಸುತ್ತದೆ, ಆದ್ದರಿಂದ ಇದು ಅಲ್ಲಿಯ ವ್ಯವಸ್ಥೆಯ ಕಥೆ ಎಂದು ವಾದಿಸುವವರಿದ್ದಾರೆ. ಆ ದೇಶದ ಬಿಲ್ಲಿನ ಮಟ್ಟಿಗೆ ಮಾತು ನಿಜವೇ, ಆದರೆ ಈ ಕಥೆಯಲ್ಲಿ ಬಿಲ್ಲು ಕಟ್ಟಲು ಮುಂದೆ ಬಂದವನಿದ್ದ ಎಂಬುದನ್ನು ಅವರು ಮರೆಯುತ್ತಾರೆ.

ಇನ್ನೊಂದು ಸಣ್ಣ ದೃಶ್ಯವಿದೆ, ಮೂರನೆಯ ಕಂತಿನದು. ತರುಣ ವಾಲ್ಟರ್ ಮತ್ತು ಅವನ ಆಗಿನ ಗೆಳತಿ, ಮುಂದೆ ಎಲಿಯಟ್‌ನ ಹೆಂಡತಿಯಾದ ಗ್ರೆಚೆನ್ ಮನುಷ್ಯದೇಹದಲ್ಲಿ ಯಾವ ಮೂಲವಸ್ತು ಎಷ್ಟಿದೆಯೆಂದು ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಾರೆ. ಎಲ್ಲವನ್ನೂ ಕೂಡಿದರೂ ನೂರಕ್ಕೆ 0.111958ರಷ್ಟು ಕಡಿಮೆ ಬೀಳುತ್ತದೆ. ಉಳಿದದ್ದು ಆತ್ಮವಿರಬಹುದೇ ಎಂದು ಅವಳು ಕೇಳಿದರೆ, ಅವನು ಇಲ್ಲಿರುವುದು ರಸಾಯನ ಮಾತ್ರ ಎಂದು ನಗುತ್ತಾನೆ. ಈ ಮಾತುಕತೆಯ ನಡುನಡುವೆ, ಆಮ್ಲದಲ್ಲಿ ಕರಗಿಸಿದ ಹೆಣದ ಗಲೀಜನ್ನು ಇಂದಿನ ವಾಲ್ಟರ್ ಬಾಚಿ ತೊಳೆಯುವುದನ್ನು ತೋರಿಸಿದ್ದಾರೆ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ದ್ರಾವಣದಲ್ಲಿ ಇಲ್ಲದ ಹರಳು ಹೊರಗೆ ಬರುವುದಿಲ್ಲ. ಅವನು ಕೆಡಲಿಲ್ಲ, ಹರಳುಗಟ್ಟಿದ.


ಬಯಲುಸೀಮೆಯವ:

ಮೇಷ್ಟ್ರೇ, ನಿಮ್ಮ ಹರಳಿನ ಹೋಲಿಕೆ ಚೆನ್ನಾಗಿದೆ, ಆದರೆ ಅದನ್ನು ಒಪ್ಪಿದರೆ ಕಥೆಯ ಅರ್ಧ ಬೆಲೆ ಹೋಗಿಬಿಡುತ್ತದೆ ಎಂದು ನನಗನ್ನಿಸುತ್ತದೆ. ಮೊದಲಿಂದಲೂ ಹಾಗೆಯೇ ಇದ್ದವನು ಕೊನೆಗೂ ಹಾಗೆಯೇ ಆದರೆ ಅದರಲ್ಲಿ ನೋಡುವುದೇನಿದೆ? ಅಹಂಕಾರ ನಮ್ಮಲ್ಲಿ ಯಾರಿಗಿಲ್ಲ? ಅಹಂಕಾರಿಗಳೆಲ್ಲ ಕೊಲೆಗಾರರಾಗುವುದಿಲ್ಲ.

ನಾನು ಅಳೆಯುವುದು ಬೇರೆ ಕೋಲಿನಿಂದ. ಒಂದು ಕೊಲೆಗೆ ಅವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದನ್ನು ನೋಡುತ್ತ ಹೋಗಿ. ಕ್ರೇಜಿ-8 ಎಂಬ ಮಾದಕವಸ್ತು ವ್ಯಾಪಾರಿಯನ್ನು ನೆಲಮಾಳಿಗೆಯ ಕಂಬಕ್ಕೆ ಸೈಕಲ್ ಬೀಗದಿಂದ ಕುತ್ತಿಗೆ ಬಿಗಿದು ಕೂಡಿಹಾಕಿದಾಗ, ಅವನನ್ನು ಏನು ಮಾಡುವುದೆಂದು ನಿರ್ಧರಿಸಲು ವಾಲ್ಟರನಿಗೆ ಒಂದು ಕಂತು ಹಿಡಿಯುತ್ತದೆ. ಬಿಡಬೇಕೇ ಕೊಲ್ಲಬೇಕೇ ಎಂದು ಕಾಗದದ ಮೇಲೆ ಎರಡು ಪಟ್ಟಿ ಬರೆಯುತ್ತಾನೆ. ಅವನಿಗೆಂದು ಸ್ಯಾಂಡ್‌ವಿಚ್ ಮಾಡಿ, ಬ್ರೆಡ್ಡಿನ ಅಂಚನ್ನು ಕತ್ತರಿಸಿ ಕೊಡುತ್ತಾನೆ, ಏಕೆಂದರೆ ಆ ಹುಡುಗ ಅಂಚನ್ನು ತಿನ್ನುವುದಿಲ್ಲ. ಇಬ್ಬರೂ ಕುಳಿತು ಬಿಯರ್ ಕುಡಿಯುತ್ತ, ಅವನ ತಂದೆಯ ಪೀಠೋಪಕರಣದ ಅಂಗಡಿಯಲ್ಲೇ ತನ್ನ ಮಗನ ತೊಟ್ಟಿಲು ಕೊಂಡದ್ದನ್ನು ನೆನೆಯುತ್ತಾರೆ. ಬಿಟ್ಟುಬಿಡೋಣವೆಂದು ಬೀಗದ ಕೈ ತರಲು ಮೇಲೆ ಹೋದವನಿಗೆ, ಒಡೆದ ತಟ್ಟೆಯ ಚೂರುಗಳಲ್ಲಿ ಚೂಪಾದ ಒಂದು ತುಂಡು ಕಾಣೆಯಾಗಿರುವುದು ಗೊತ್ತಾಗುತ್ತದೆ. ಆಮೇಲೆ ಆ ಬೀಗವನ್ನೇ ಎಳೆದು ಕೊಲ್ಲುವಾಗಲೂ ಅಳುತ್ತ, ಕ್ಷಮೆ ಕೇಳುತ್ತ ಕೊಲ್ಲುತ್ತಾನೆ. ಈ ಮನುಷ್ಯ ಆಗಲೇ ‘ಹರಳು’ ಎಂದರೆ ನಾನು ಹೇಗೆ ನಂಬಲಿ?

ಐದನೆಯ ಸೀಸನ್ನಿನಲ್ಲಿ ದಂಧೆಯ ಪಾಲುದಾರ ಮೈಕ್‌ನನ್ನು ಕೊಲ್ಲುವುದಕ್ಕೆ ಅವನಿಗೆ ಒಂದು ಪಟ್ಟಿಯೂ ಬೇಕಾಗುವುದಿಲ್ಲ. ಮೈಕ್ ಅವನ ಮುಖದ ಮೇಲೆ ನಾಲ್ಕು ಖಾರದ ಮಾತು ಹೇಳುತ್ತಾನೆ, ಇವನು ಸಿಟ್ಟಿಗೆದ್ದು ಗುಂಡು ಹಾರಿಸುತ್ತಾನೆ. ಗುಂಡು ಹಾರಿಸಿದ ಮೇಲೆ, ತನಗೆ ಬೇಕಿದ್ದ, ಜೈಲಿನಲ್ಲಿರುವ ಮೈಕ್‌ನ ಆಳುಗಳ ಹೆಸರುಗಳು ಬೇರೊಬ್ಬಳ ಬಳಿ ಸಿಗುತ್ತಿದ್ದವಲ್ಲ ಎಂದು ನೆನಪಾಗಿ, ನದಿಯ ದಡದಲ್ಲಿ ಸಾಯುತ್ತ ಕುಳಿತವನಿಗೆ ಅದನ್ನು ವಿವರಿಸಲು ಹೊರಡುತ್ತಾನೆ. ಬಾಯಿ ಮುಚ್ಚಿಕೊಂಡು ನೆಮ್ಮದಿಯಿಂದ ಸಾಯಲು ಬಿಡು ಎಂದು ಮೈಕ್ ಹೇಳಬೇಕಾಗುತ್ತದೆ. ಮುಂದಿನ ಕಂತಿನಲ್ಲಿ ಮೂರು ಜೈಲುಗಳಲ್ಲಿ ಹತ್ತು ಜನರನ್ನು ಎರಡು ನಿಮಿಷದೊಳಗೆ ಕೊಲ್ಲಿಸುತ್ತಾನೆ, ತಾನು ಮನೆಯ ಕಿಟಕಿಯ ಬಳಿ ನಿಂತು ಕೈಗಡಿಯಾರ ನೋಡುತ್ತಿರುತ್ತಾನೆ. ಇದು ಜಾರುವಿಕೆ, ಮೇಷ್ಟ್ರೇ. ಒಂದೊಂದು ಮೆಟ್ಟಿಲಲ್ಲೂ ನಿಲ್ಲಬಹುದಿತ್ತು, ನಿಲ್ಲಲಿಲ್ಲ.

ನಾನು ಅವನನ್ನು ಬಿಟ್ಟದ್ದು ಅವನ ಹಳೆಯ ವಿದ್ಯಾರ್ಥಿಯೂ ಮೆಥ್ ದಂಧೆಯ ಜೊತೆಗಾರನೂ ಆದ ಜೆಸ್ಸಿಯ ಗೆಳತಿ ಜೇನ್ ಸಾಯುವ ರಾತ್ರಿ, ಎರಡನೆಯ ಸೀಸನ್ನಿನ ಹನ್ನೆರಡನೆಯ ಕಂತಿನಲ್ಲಿ. ಮಗುವಿಗೆ ಡೈಪರ್ ತರಲು ಹೊರಟವನು ದಾರಿಯಲ್ಲಿ ಬಾರಿಗೆ ಹೋಗಿ, ಅಪರಿಚಿತನೊಬ್ಬನ ಜೊತೆ ಮಕ್ಕಳ ಬಗ್ಗೆ ಮಾತನಾಡುತ್ತಾನೆ. ಆ ಅಪರಿಚಿತನೇ ಜೇನ್‌ಳ ತಂದೆ, ಅದು ಇವನಿಗೆ ಗೊತ್ತಿಲ್ಲ. ಅಲ್ಲಿಂದ ಜೆಸ್ಸಿಯ ಮನೆಗೆ ಬಂದು, ಮಲಗಿದ್ದ ಜೆಸ್ಸಿಯನ್ನು ಅಲುಗಾಡಿಸಿದಾಗ ಪಕ್ಕದಲ್ಲಿದ್ದ ಹುಡುಗಿ ಅಂಗಾತ ಹೊರಳುತ್ತಾಳೆ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವಳನ್ನು ಮಗ್ಗುಲಿಗೆ ಹೊರಳಿಸಿದರೆ ಸಾಕಿತ್ತು. ಅದೇ ಕಂತಿನಲ್ಲಿ ತನ್ನ ಹಸುಗೂಸು ಕಕ್ಕಿಕೊಂಡರೆ ಉಸಿರು ಕಟ್ಟದಿರಲೆಂದು ಬಟ್ಟೆ ಒತ್ತುಕೊಟ್ಟು ಮಗ್ಗುಲಾಗಿ ಮಲಗಿಸಿದವನು ಇವನೇ. ಗೊತ್ತಿಲ್ಲದವನಲ್ಲ. ಒಂದು ಹೆಜ್ಜೆ ಮುಂದಿಟ್ಟು, ಕೈಯನ್ನು ತಾನಾಗಿ ಹಿಂದೆಗೆದುಕೊಳ್ಳುತ್ತಾನೆ.

ಅವನು ಮುಟ್ಟಲೇ ಇಲ್ಲವಲ್ಲ, ಕೊಲೆ ಹೇಗಾಗುತ್ತದೆ ಎಂದು ನನ್ನ ಗೆಳೆಯರು ಕೇಳಿದ್ದುಂಟು. ಜನ್ನನ ‘ಯಶೋಧರ ಚರಿತೆ’ಯನ್ನು ಓದಿದ ನಾಡಿನವರು ಈ ಪ್ರಶ್ನೆ ಕೇಳಬಾರದು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಒಂದು ಜೀವವೂ ಹೋಗಿರಲಿಲ್ಲ, ಆದರೂ ಆ ಸಂಕಲ್ಪದ ಹಿಂಸೆಗೆ ಯಶೋಧರ ಜನ್ಮಜನ್ಮಾಂತರ ತೊಳಲಾಡಬೇಕಾಯಿತು. ಇಲ್ಲಿಯಾದರೋ ಕಣ್ಣೆದುರು ನಿಜವಾದ ಜೀವವೇ ಹೋಗುತ್ತಿತ್ತು.


ಹೊಂಗೆ ನೆರಳು:

ಇಷ್ಟು ದೂರ ಬಂದರೂ ಸ್ಕೈಲರ್‌ಳ ಹೆಸರನ್ನು ಯಾರೂ ಎತ್ತಲಿಲ್ಲ, ‘ಹೆಂಡತಿ’ ಎಂದಷ್ಟೇ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸರಣಿ ಪ್ರಸಾರವಾಗುತ್ತಿದ್ದ ಕಾಲದಲ್ಲಿ ಅತಿ ಹೆಚ್ಚು ಬೈಗುಳ ತಿಂದ ಪಾತ್ರ ಅವಳದು. ಕೊಲೆ ಮಾಡಿದವನಿಗಿಂತ, ಮಗುವಿಗೆ ವಿಷ ಹಾಕಿದವನಿಗಿಂತ, ಅವನನ್ನು ‘ಏನು ಮಾಡುತ್ತಿದ್ದೀಯ’ ಎಂದು ಕೇಳಿದವಳ ಮೇಲೆ ಜನರಿಗೆ ಕೋಪ. ಆ ಪಾತ್ರ ಮಾಡಿದ ಆ್ಯನಾ ಗನ್ ಅವರು 2013ರ ಆಗಸ್ಟಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಲೇಖನ ಬರೆದು, ಪಾತ್ರದ ಮೇಲಿನ ದ್ವೇಷ ತಮ್ಮವರೆಗೂ ಹರಿದುಬಂದದ್ದನ್ನು ಹೇಳಿಕೊಂಡಿದ್ದರು. ನಾನೂ ಮೊದಲ ಸಲ ನೋಡುವಾಗ ಅವಳು ತೆರೆಗೆ ಬಂದರೆ ಸಾಕು, ಇನ್ನೇನು ತಕರಾರು ತೆಗೆಯುತ್ತಾಳೋ ಎಂದು ಮುಖ ಸಿಂಡರಿಸುತ್ತಿದ್ದೆ. ಆದ್ದರಿಂದ ಗಂಡಸರನ್ನು ಮಾತ್ರ ದೂರಲು ನನಗೆ ಹಕ್ಕಿಲ್ಲ. ಕಥೆಯನ್ನು ಕಟ್ಟಿರುವ ಬಗೆಯೇ ಹಾಗಿದೆ. ನಾವು ವಾಲ್ಟರನ ಜೊತೆ ಮರುಭೂಮಿಗೆ ಹೋಗಿರುತ್ತೇವೆ, ಅವನ ಗುಟ್ಟು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಗುಟ್ಟಿನಲ್ಲಿ ಪಾಲುದಾರರಾದವರಿಗೆ ಗುಟ್ಟು ಕೇಳುವವರು ಶತ್ರುಗಳಾಗಿ ಕಾಣುತ್ತಾರೆ.

ಅವನ ಇಳಿತವನ್ನು ಅಳೆಯಲು ನನಗೆ ಕೊಲೆಗಳ ಲೆಕ್ಕ ಬೇಕಿಲ್ಲ, ತಿಂಡಿಯ ತಟ್ಟೆ ಸಾಕು. ಮೊದಲ ಕಂತಿನ ಬೆಳಗ್ಗೆ ಸ್ಕೈಲರ್ ಅವನ ತಟ್ಟೆಯಲ್ಲಿ ಬೇಕನ್ ತುಂಡುಗಳನ್ನು 50 ಎಂಬ ಅಂಕಿಯ ಆಕಾರದಲ್ಲಿ ಜೋಡಿಸಿ ಕೊಡುತ್ತಾಳೆ. ಕೊಬ್ಬು ಬೇಡವೆಂದು ಸಸ್ಯಾಹಾರದ ಬೇಕನ್, ಅವನಿಗೆ ಅದು ಒಗ್ಗದು, ಆದರೂ ಆ ಮನೆಯಲ್ಲಿ ಒಂದು ಅಕ್ಕರೆಯಿದೆ. ಐದನೆಯ ಸೀಸನ್ನಿನಲ್ಲಿ 51ನೆಯ ಹುಟ್ಟುಹಬ್ಬ ಬರುತ್ತದೆ. ಅವಳು ಸುಮ್ಮನೆ ಬಡಿಸುತ್ತಾಳೆ, ಹೇಳಿಸಿಕೊಂಡ ಮೇಲೆ ಯಂತ್ರದಂತೆ ಅಂಕಿ ಜೋಡಿಸುತ್ತಾಳೆ. 52ಕ್ಕೆ ಅವನು ಊರೂರು ತಲೆಮರೆಸಿಕೊಂಡವನು. ರಸ್ತೆಬದಿಯ ಹೋಟೆಲಿನಲ್ಲಿ ಒಬ್ಬನೇ ಕುಳಿತು, ಬೇಕನ್ನನ್ನು ತಾನೇ ಮುರಿದು, ತಾನೇ 52 ಎಂದು ಜೋಡಿಸಿಕೊಳ್ಳುತ್ತಾನೆ. ಇಡೀ ಸರಣಿಯಲ್ಲಿ ಕುಟುಂಬಕ್ಕಾಗಿ, ಕುಟುಂಬಕ್ಕಾಗಿ ಎಂದು ಜಪಿಸಿದವನ ಕುಟುಂಬ ಆ ಮೂರು ತಟ್ಟೆಗಳಲ್ಲಿ ಕರಗಿಹೋಯಿತು.

ಆ 51ನೆಯ ಹುಟ್ಟುಹಬ್ಬದ ಸಂಜೆಯೇ ನಾನು ಅವನನ್ನು ಕೊನೆಯದಾಗಿ ಬಿಟ್ಟೆ. ಸ್ಕೈಲರ್‌ಳ ತಂಗಿ, ತಂಗಿಯ ಗಂಡ ಹ್ಯಾಂಕ್ ಇವರ ಎದುರು ಅವನು ಕಳೆದ ವರ್ಷದ ಕಷ್ಟಗಳನ್ನು ಭಾವುಕನಾಗಿ ವರ್ಣಿಸುತ್ತಿರುತ್ತಾನೆ. ಸ್ಕೈಲರ್ ಎದ್ದು, ಉಟ್ಟ ಬಟ್ಟೆಯಲ್ಲೇ ಹಿತ್ತಲಿನ ಈಜುಕೊಳದೊಳಗೆ ನಡೆದು ಮುಳುಗುತ್ತಾಳೆ. ಆಮೇಲೆ ಕೋಣೆಯಲ್ಲಿ, ಮಕ್ಕಳನ್ನು ಕಾಪಾಡಲು ನಿನ್ನ ಬಳಿ ಏನು ಉಪಾಯವಿದೆ ಎಂದು ಅವನು ಒಂದೊಂದಾಗಿ ಕೇಳಿ, ಅವಳು ಹೇಳಿದ್ದನ್ನೆಲ್ಲ ಒಂದೊಂದಾಗಿ ಕತ್ತರಿಸುತ್ತಾನೆ. ಕಾಯುವುದೊಂದೇ ಉಳಿದದ್ದು, ನಿನ್ನ ಕ್ಯಾನ್ಸರ್ ಮರಳಿ ಬರಲಿ ಎಂದು ಕಾಯುತ್ತೇನೆ ಎನ್ನುತ್ತಾಳೆ ಅವಳು. ಹೊರಗಿನ ಶತ್ರುಗಳನ್ನು ಸೋಲಿಸಿದ ಅದೇ ಚಾಣಾಕ್ಷತನವನ್ನು ಮನೆಯೊಳಗೆ, ಎದುರಿಸಲು ಏನೂ ಇಲ್ಲದವಳ ಮೇಲೆ ಬಳಸುವುದನ್ನು ನೋಡಿದ ಮೇಲೆ ನನಗೆ ಮತ್ತೇನೂ ಬೇಕಾಗಲಿಲ್ಲ.


ಎರಡನೇ ಆಟ:

ಸಹೋದರಿ, ‘ಹೆಂಡತಿ’ ಎಂದಷ್ಟೇ ಬರೆದ ತಪ್ಪು ನಮ್ಮದೇ, ಒಪ್ಪಿಕೊಂಡೆ. ಮೂರು ತಟ್ಟೆಗಳ ಸಂಗತಿಯನ್ನು ನಾನು ಎರಡು ಸಲ ನೋಡಿಯೂ ಜೋಡಿಸಿಕೊಂಡಿರಲಿಲ್ಲ.

ಮೇಷ್ಟ್ರು ಮತ್ತು ಬಯಲುಸೀಮೆಯವರ ನಡುವಿನ ವಾದಕ್ಕೆ ಒಂದು ಅಂಕಿಯನ್ನು ಸೇರಿಸುತ್ತೇನೆ. ಎರಡನೆಯ ಸೀಸನ್ನಿನ ಆರಂಭದಲ್ಲಿ ವಾಲ್ಟರ್ ಮಕ್ಕಳ ಓದು, ಮನೆಯ ಸಾಲ, ಸಂಸಾರದ ಖರ್ಚು ಎಲ್ಲವನ್ನೂ ಬೆಲೆಯೇರಿಕೆಯ ಸಮೇತ ಲೆಕ್ಕ ಹಾಕಿ, ತನಗೆ ಬೇಕಾದದ್ದು 7,37,000 ಡಾಲರ್ ಎಂದು ತೀರ್ಮಾನಿಸುತ್ತಾನೆ. ಐದನೆಯ ಸೀಸನ್ನಿನಲ್ಲಿ ಕಚ್ಚಾಸರಕನ್ನು ಮಾರಿ ತಲಾ 50 ಲಕ್ಷ ಡಾಲರ್ ತೆಗೆದುಕೊಂಡು ಹೊರಬರುವ ಅವಕಾಶ ಒದಗಿದಾಗ, ಜೆಸ್ಸಿ ಆ ಹಳೆಯ ಅಂಕಿಯನ್ನು ನೆನಪಿಸುತ್ತಾನೆ. ಆಗ ವಾಲ್ಟರ್ ಎತ್ತುವುದು ಗ್ರೇ ಮ್ಯಾಟರಿನ ವಿಷಯವನ್ನೇ. ಅದರ ಇಂದಿನ ಬೆಲೆ 216 ಕೋಟಿ ಡಾಲರ್, ತಾನು ಪ್ರತಿ ವಾರ ಅದನ್ನು ನೋಡುತ್ತೇನೆ, ತನ್ನದು ಹಣದ ವ್ಯಾಪಾರವಲ್ಲ, ಸಾಮ್ರಾಜ್ಯ ಕಟ್ಟುವ ವ್ಯಾಪಾರ ಎನ್ನುತ್ತಾನೆ. ಪ್ರತಿ ವಾರ! ಮೊದಲ ಸಲ ನೋಡಿದಾಗ ಈ ಮಾತಿಗೆ ನಾವು ಚಪ್ಪಾಳೆ ತಟ್ಟಿದ್ದೆವು. ಹುಣ್ಣಿನ ಹಕ್ಕಳೆಯನ್ನು ವಾರಕ್ಕೊಮ್ಮೆ ಕೆರೆದು ಹಸಿಯಾಗಿ ಇಟ್ಟುಕೊಂಡವನೆಂದು ಈಗ ಕಾಣುತ್ತದೆ.

ನನ್ನ ಹೆಂಡತಿಯ ಮಾತೇ ಗೆದ್ದಿತೆಂದು ಇದರಿಂದ ತೋರಿದರೂ, ‘ಫ್ಲೈ’ ಎಂಬ ಕಂತು ನನ್ನನ್ನು ಇನ್ನೂ ಹಿಡಿದಿಟ್ಟುಕೊಂಡಿದೆ. ಪ್ರಯೋಗಾಲಯದಲ್ಲಿ ಒಂದು ನೊಣವನ್ನು ಬೆನ್ನಟ್ಟುವುದರಲ್ಲೇ ಕಳೆಯುವ ಆ ಕಂತನ್ನು ಬೇಸರವೆಂದು ದಾಟಿಸುವವರು ಬಹಳ ಮಂದಿ. ನಿದ್ದೆಗುಳಿಗೆಯ ಮಂಪರಿನಲ್ಲಿ ವಾಲ್ಟರ್ ಅಲ್ಲಿ, ತಾನು ಬದುಕಬೇಕಾದದ್ದಕ್ಕಿಂತ ಹೆಚ್ಚು ಬದುಕಿಬಿಟ್ಟೆ, ಸಾಯಲು ಸರಿಯಾದ ಗಳಿಗೆಯೊಂದಿತ್ತು ಎನ್ನುತ್ತಾನೆ. ಟಿವಿಯಲ್ಲಿ ಆನೆಗಳ ಕುರಿತ ಕಾರ್ಯಕ್ರಮ, ಪಕ್ಕದ ಕೋಣೆಯಲ್ಲಿ ಸ್ಕೈಲರ್ ಮಗುವಿಗೆ ಜೋಗುಳ ಹಾಡುವುದು ಮಗುವಿನ ಕೋಣೆಯ ಸದ್ದು ಕೇಳಿಸುವ ಯಂತ್ರದೊಳಗಿಂದ ಸಣ್ಣಗೆ ಕೇಳುತ್ತಿತ್ತು, ಆಗಲೇ ಸತ್ತಿದ್ದರೆ ಎಲ್ಲವೂ ಸರಿಯಿರುತ್ತಿತ್ತು ಎಂದು. ಅದು ಜೇನ್ ಸತ್ತ ರಾತ್ರಿ, ಅವನು ಮನೆಯಿಂದ ಹೊರಡುವ ಮೊದಲಿನ ಗಳಿಗೆ. ತಾನು ಎಲ್ಲಿ ಕೆಟ್ಟೆನೆಂದು ಗುರುತು ಹಾಕಿಕೊಂಡವನನ್ನು ಹುಟ್ಟಾ ಕೆಟ್ಟವನೆಂದು ಹೇಗೆ ಕರೆಯುವುದು?


ರಸಾಯನದ ಮೇಷ್ಟ್ರು:

ಗುರುತು ಹಾಕಿಕೊಂಡದ್ದು ನಿಜ. ಆದರೆ ಆ ಗುರುತನ್ನು ಅವನು ಕೊನೆಗೆ ಯಾವುದಕ್ಕೆ ಬಳಸಿದನೆಂಬುದನ್ನೂ ನೋಡಬೇಕು. ‘ಓಜಿಮ್ಯಾಂಡಿಯಸ್’ ಕಂತಿನಲ್ಲಿ ಹ್ಯಾಂಕ್‌ನ ಹೆಣ ಇನ್ನೂ ಮಣ್ಣಿನಡಿಗೆ ಹೋಗುತ್ತಿರುವಾಗ, ಕಾರಿನ ಕೆಳಗೆ ಅಡಗಿದ್ದ ಜೆಸ್ಸಿಯನ್ನು ಇವನೇ ತೋರಿಸಿಕೊಡುತ್ತಾನೆ. ಹ್ಯಾಂಕ್‌ನನ್ನು ಕೊಂದ ಕಟುಕರು ಎಳೆದೊಯ್ಯುವ ಮೊದಲು ಹತ್ತಿರ ಹೋಗಿ, ಜೇನ್ ಸಾಯುವುದನ್ನು ನಿಂತು ನೋಡಿದೆ, ಉಳಿಸಬಹುದಿತ್ತು, ಉಳಿಸಲಿಲ್ಲ ಎಂದು ಹೇಳುತ್ತಾನೆ. ಒಂದು ಕಾಲದಲ್ಲಿ ಮುಳ್ಳಾಗಿ ಚುಚ್ಚಿದ್ದನ್ನು ಚೂರಿಯಾಗಿ ಮಸೆದು ಇಟ್ಟುಕೊಂಡಿದ್ದ. ನನ್ನ ಪಾಲಿಗೆ ಇಡೀ ಸರಣಿಯ ಅತ್ಯಂತ ಕ್ರೂರವಾದ ಗಳಿಗೆ ಅದು.

ಜೆಸ್ಸಿಯ ಬಗ್ಗೆ ಇನ್ನೊಂದು ಮಾತು. ಆ ಹುಡುಗ ಇವನನ್ನು ಉದ್ದಕ್ಕೂ ‘ಮಿಸ್ಟರ್ ವೈಟ್’ ಎಂದೇ ಕರೆಯುತ್ತಾನೆ. ಕೂಡಿ ಕೊಲೆ ಮಾಡಿದರೂ, ಹೊಡೆದಾಡಿ ಮುಖ ಜಜ್ಜಿಕೊಂಡರೂ ವಾಲ್ಟರ್ ಎಂಬ ಹೆಸರು ಅವನ ಬಾಯಿಗೆ ಬರುವುದು ಅಪರೂಪ. ನನ್ನ ಕಿವಿಗೆ ಅದು ‘ಮೇಷ್ಟ್ರೇ’ ಎಂದೇ ಕೇಳುತ್ತದೆ. ಫೇಲಾದ ಹುಡುಗ ಹತ್ತು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ‘ನಮಸ್ಕಾರ ಮೇಷ್ಟ್ರೇ’ ಎನ್ನುವ ಧ್ವನಿಯದು. ಆ ಕರೆಗೆ ಓಗೊಡುತ್ತಲೇ ಅವನನ್ನು ಮಾರಿದವನನ್ನು ನಾನು ಕ್ಷಮಿಸಲಾರೆ. ವೃತ್ತಿಯವನಾಗಿ ಹೇಳುತ್ತಿದ್ದೇನೆ.


ತುಂಗೆಯ ದಡ:

ಎಲ್ಲರ ಮಾತುಗಳನ್ನೂ ಓದಿದೆ. ನನಗೆ ಈ ಸರಣಿ ನೋಡುವಾಗಲೆಲ್ಲ ನೆನಪಾಗುತ್ತಿದ್ದದ್ದು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ರತ್ನಾಕರನ ಕಥೆ. ಕಾಡಿನಲ್ಲಿ ದಾರಿಹೋಕರನ್ನು ಸುಲಿದು ಸಂಸಾರ ಸಾಕುತ್ತಿದ್ದ ಬೇಡನಿಗೆ ನಾರದರು ಅಡ್ಡ ಬಂದು, ಯಾರಿಗಾಗಿ ಈ ಪಾಪ ಮಾಡುತ್ತೀಯೋ ಅವರು ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆಯೇ, ಹೋಗಿ ಕೇಳಿಕೊಂಡು ಬಾ ಎನ್ನುತ್ತಾರೆ. ಅವನು ಮನೆಗೆ ಹೋಗಿ ಕೇಳುತ್ತಾನೆ. ಸಾಕುವುದು ನಿನ್ನ ಕರ್ತವ್ಯ, ಪಾಪ ನಿನ್ನದೇ ಎಂದು ಹೆಂಡತಿ ಮಕ್ಕಳು ಹೇಳುತ್ತಾರೆ. ಆ ಉತ್ತರ ಕೇಳಿ ರತ್ನಾಕರ ವಾಲ್ಮೀಕಿಯಾದ.

ವಾಲ್ಟರ್ ವೈಟ್ ಎಂದರೆ ಮನೆಗೆ ಹೋಗಿ ಕೇಳದ ರತ್ನಾಕರ. ಅವನಿಗೂ ಅದೇ ಉತ್ತರ ಸಿಕ್ಕಿತ್ತು, ಅದೂ ಒಂದಲ್ಲ ಹತ್ತು ಸಲ, ಕೇಳದೆಯೇ. ಐದನೆಯ ಕಂತಿನಲ್ಲೇ ಮನೆಮಂದಿಯೆಲ್ಲ ಸುತ್ತ ಕುಳಿತು, ಒಂದು ದಿಂಬನ್ನು ಕೈಯಿಂದ ಕೈಗೆ ದಾಟಿಸಿಕೊಂಡು, ದಿಂಬು ಹಿಡಿದವರು ಮಾತ್ರ ಮಾತನಾಡಬೇಕೆಂಬ ಕಟ್ಟಳೆಯಲ್ಲಿ, ಚಿಕಿತ್ಸೆಯ ಬಗ್ಗೆ ಮಾತನಾಡುತ್ತಾರೆ. ಚಿಕಿತ್ಸೆ ತೆಗೆದುಕೋ, ನಮ್ಮ ಜೊತೆ ಇರು ಎಂದು ಸ್ಕೈಲರ್ ಬೇಡುತ್ತಾಳೆ. ಹಣ ಬೇಕೆಂದು ಅವರಲ್ಲಿ ಯಾರೂ ಹೇಳುವುದಿಲ್ಲ. ಹೊಂಗೆ ನೆರಳು ಅವರು ಬರೆದ ಈಜುಕೊಳದ ಸಂಜೆ ಇನ್ನೊಂದು ಉತ್ತರ. ಕೊನೆಯ ಉತ್ತರ ಕೊಡುವವನು ಮಗ. ನ್ಯೂ ಹ್ಯಾಂಪ್‌ಶೈರಿನ ಹಿಮದ ನಡುವೆ ಗುಡಿಸಲಿನಂಥ ಮನೆಯಲ್ಲಿ ಅಡಗಿರುವ ವಾಲ್ಟರ್, ಪೀಪಾಯಿ ತುಂಬ ನೋಟಿದ್ದರೂ ಮಾತಿಗೆ ಜನವಿಲ್ಲದೆ, ಸಾಮಾನು ತಂದುಕೊಡುವವನಿಗೆ ಹತ್ತು ಸಾವಿರ ಡಾಲರ್ ಕೊಟ್ಟು ಇನ್ನಷ್ಟು ಹೊತ್ತು ಕುಳಿತುಕೋ ಎಂದು ಬೇಡುತ್ತಾನೆ. ಎರಡು ತಾಸು ಕೇಳಿದವನಿಗೆ ಚೌಕಾಶಿಯಲ್ಲಿ ಸಿಗುವುದು ಒಂದೇ ತಾಸು. ಆಮೇಲೆ ಒಂದು ಪೆಟ್ಟಿಗೆಯಲ್ಲಿ ಲಕ್ಷ ಡಾಲರ್ ಕಟ್ಟಿಕೊಂಡು, ಊರಿನ ಬಾರಿನಿಂದ ಮಗನ ಶಾಲೆಗೆ ಫೋನ್ ಮಾಡಿಸುತ್ತಾನೆ. ನಿನ್ನ ದುಡ್ಡು ಬೇಡ, ನೀನಿನ್ನೂ ಯಾಕೆ ಸತ್ತಿಲ್ಲ ಎಂದು ಮಗ ಕಿರುಚುತ್ತಾನೆ.

ರತ್ನಾಕರನ ಗಳಿಗೆ ಅದು. ವಾಲ್ಟರ್ ಕೂಡ ಆ ಹೊತ್ತಿಗೆ ಸೋತು, ಪೊಲೀಸರಿಗೆ ತಾನೇ ಫೋನ್ ಮಾಡಿ, ಹ್ಯಾಂಡ್‌ಸೆಟ್ಟನ್ನು ಇಡದೆ ನೇತಾಡಲು ಬಿಟ್ಟು, ಬಂದು ಹಿಡಿಯಲಿ ಎಂದು ಕುಡಿಯುತ್ತ ಕೂರುತ್ತಾನೆ. ಅಷ್ಟರಲ್ಲಿ ಬಾರಿನ ಟಿವಿಯಲ್ಲಿ ಎಲಿಯಟ್ ಮತ್ತು ಗ್ರೆಚೆನ್ ಕಾಣಿಸಿಕೊಂಡು, ಕಂಪನಿಯಲ್ಲಿ ವಾಲ್ಟರನ ಪಾಲೆಂದರೆ ಅದಕ್ಕೆ ಹೆಸರಿಟ್ಟದ್ದಷ್ಟೇ ಎನ್ನುತ್ತಾರೆ. ಅವನು ಎದ್ದು ಹೊರಡುತ್ತಾನೆ. ಮಗನ ಶಾಪಕ್ಕೆ ಸಾಯಲು ಸಿದ್ಧನಾದವನು ಗೆಳೆಯನ ಅಲಕ್ಷ್ಯಕ್ಕೆ ಬದುಕಿ ಎದ್ದ. ಇದನ್ನು ನೋಡಿದ ಮೇಲೆ ನಾನು ಮೇಷ್ಟ್ರ ಕಡೆಗೇ ವಾಲುತ್ತೇನೆ. ಬಯಲುಸೀಮೆಯವರು ಹೇಳಿದ ಮೆಟ್ಟಿಲುಗಳೂ ಸುಳ್ಳಲ್ಲ, ಆದರೆ ಅಷ್ಟೂ ಮೆಟ್ಟಿಲು ಒಂದೇ ಬಾವಿಗೆ ಇಳಿಯುತ್ತಿದ್ದವು.

ಕೊನೆಯ ಕಂತಿನಲ್ಲಿ ಅವನು ಸ್ಕೈಲರ್‌ಳ ಎದುರು, ಎಲ್ಲವನ್ನೂ ನನಗಾಗಿಯೇ ಮಾಡಿದೆ, ಅದು ನನಗೆ ಹಿಡಿಸಿತ್ತು, ಅದರಲ್ಲಿ ನಾನು ಗಟ್ಟಿಗನಾಗಿದ್ದೆ ಎಂದು ಒಪ್ಪಿಕೊಂಡದ್ದನ್ನು ಅನೇಕರು ಪ್ರಾಯಶ್ಚಿತ್ತವೆಂದು ಬಗೆಯುತ್ತಾರೆ. ನನಗೆ ಅರೆಮನಸ್ಸು. ಅದನ್ನು ಹೇಳುವ ಮೊದಲೇ ಅವನು 97 ಲಕ್ಷ 20 ಸಾವಿರ ಡಾಲರನ್ನು ಎಲಿಯಟ್‌ನ ಮನೆಯ ಮೇಜಿನ ಮೇಲೆ ಒಟ್ಟಿ, ಮಗನಿಗೆ ತಲುಪಿಸದಿದ್ದರೆ ಜೀವ ಉಳಿಯದೆಂದು ಹೆದರಿಸಿ ಬಂದಿದ್ದ. ಬೇಡವೆಂದ ಮಗನಿಗೆ, ಬೇಡವೆಂದ ಹಣವನ್ನು, ಗೆಳೆಯನ ಹೆಸರಿನಲ್ಲಿ ದಾಟಿಸುವ ಹುನ್ನಾರ. ಮೊದಲ ಸೀಸನ್ನಿನ ಸುಳ್ಳೇ ಅದು, ದಿಕ್ಕು ಮಾತ್ರ ತಿರುಗಿದೆ.


ಬಯಲುಸೀಮೆಯವ:

ಆ ಕೊನೆಯ ಎರಡು ಸಾಲುಗಳ ಮುಂದೆ ನನ್ನ ಕೋಲನ್ನು ಕೆಳಗಿಡುತ್ತೇನೆ. ಮೊದಲ ಸೀಸನ್ನಿನ ಸುಳ್ಳಿಗೂ ಕೊನೆಯ ಕಂತಿನ ಸುಳ್ಳಿಗೂ ಇರುವ ನಂಟು ನನಗೆ ಹೊಳೆದಿರಲಿಲ್ಲ. ಆದರೂ ಜೇನ್ ಸತ್ತ ಕೋಣೆಯಲ್ಲಿ ಅವನಿಟ್ಟ ಆ ಒಂದು ಹೆಜ್ಜೆಯನ್ನು ಮರೆಯಬೇಡಿ. ಮುಂದಿಟ್ಟ ಹೆಜ್ಜೆಯೂ ಅವನದೇ.


ಹೊಂಗೆ ನೆರಳು:

ಒಂದು ಸಣ್ಣ ಸಂಗತಿ, ಯಾರಾದರೂ ಬಲ್ಲವರು ಹೇಳಿ. 51ನೆಯ ಹುಟ್ಟುಹಬ್ಬಕ್ಕೆ ಜೆಸ್ಸಿ ಅವನಿಗೆ ಕೈಗಡಿಯಾರ ಕೊಡುತ್ತಾನೆ. ಜೈಲಿನ ಹತ್ತು ಕೊಲೆಗಳು ನಡೆಯುವಾಗ ಅವನು ನೋಡುತ್ತ ನಿಲ್ಲುವುದು ಆ ಗಡಿಯಾರವನ್ನೇ. ಕೊನೆಯ ಕಂತಿನಲ್ಲಿ ಅದನ್ನು ಬಿಚ್ಚಿ ಸಾರ್ವಜನಿಕ ಫೋನಿನ ಪೆಟ್ಟಿಗೆಯ ಮೇಲೆ ಇಟ್ಟು ಹೋಗಿಬಿಡುತ್ತಾನೆ. ಜೆಸ್ಸಿಯ ಋಣ ಕಳಚಿಕೊಂಡನೆಂದು ಅರ್ಥವೇ, ಅಥವಾ ಇನ್ನು ತನಗೆ ಹೊತ್ತು ಉಳಿದಿಲ್ಲವೆಂದೇ?


ಎರಡನೇ ಆಟ:

ಎರಡೂ ಅರ್ಥ ಹೊಂದುತ್ತವೆ, ಆದರೆ ಸರಣಿಯವರೇ ಹೇಳಿದ ಕಾರಣ ಇವಕ್ಕಿಂತ ಸಪ್ಪೆಯಾದದ್ದು. ನೀವು ಬರೆದ ಆ 52ರ ತಟ್ಟೆಯ ದೃಶ್ಯವನ್ನು ಐದನೆಯ ಸೀಸನ್ನಿನ ಮೊದಲ ಕಂತಿಗೆಂದೇ ಮುಂಚಿತವಾಗಿ ಚಿತ್ರಿಸಿಬಿಟ್ಟಿದ್ದರು, ಅದರಲ್ಲಿ ಅವನ ಕೈಗೆ ಗಡಿಯಾರವಿರಲಿಲ್ಲ. ಕಥೆ ಅಲ್ಲಿಗೆ ಬಂದು ಕೂಡಬೇಕಾದರೆ ದಾರಿಯಲ್ಲೆಲ್ಲೋ ಅದನ್ನು ಬಿಚ್ಚಿಸಲೇಬೇಕಿತ್ತು. ಮನೆಯಲ್ಲಿ ಇದನ್ನು ಹೇಳಿದೆ. ಅವಳು ನಂಬಲಿಲ್ಲ, ಋಣವೇ ಸರಿ ಎಂದಳು.